ಬಿಸಿಯೇ ಆಗದ ಕಂಬಳಿ, ಸುಟ್ಟ ಪಾದ

1988ರ ಜನವರಿ. ಗೌರಿಬಿದನೂರಿನಲ್ಲಿ ನಾನು ವಿದ್ಯುತ್ ಇಲಾಖೆಯ ಜೂನಿಯರ್ ಇಂಜಿನಿಯರ್ ಆಗಿ ಎರಡನೇ ವರ್ಷದಲ್ಲಿದ್ದೆ. ಕುಡುಮಲಕುಂಟೆಯ ಕಾರ್ಖಾನೆಗಳ ಟ್ರಾನ್ಸ್‌ಫಾರ್ಮರ್, ಹಳ್ಳಿಗಳ ಪಂಪ್‌ಸೆಟ್, ಗಾಳಿಗೆ ಕಡಿದುಬೀಳುವ ತಂತಿ, ಇಷ್ಟೇ ನನ್ನ ಪ್ರಪಂಚ. ಒಂದು ಸೋಮವಾರ ಅಲೀಪುರದಿಂದ ಒಂದು ಅರ್ಜಿ ಬಂತು. ‘ಕರೆಂಟ್ ಕಂಬಳಿಯಿಂದ ಶಾಕ್ ಹೊಡೆದು ನಮ್ಮ ತಂದೆಯ ಕಾಲು ಸುಟ್ಟಿದೆ, ತನಿಖೆ ಮಾಡಬೇಕು’ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಅಂಥ ಕಂಬಳಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಕಂಬಳೀನೇ ಬೆಚ್ಚಗಿರುತ್ತಲ್ಲ ಸಾರ್, ಅದಕ್ಕೆ ಕರೆಂಟ್ ಯಾಕೆ?’ ಎಂದರು ಲೈನ್‌ಮನ್ ನಾರಾಯಣಪ್ಪ. ಮೀಟರಿನ ಪೆಟ್ಟಿಗೆ ಎತ್ತಿಕೊಂಡು ಇಬ್ಬರೂ ಅಲೀಪುರಕ್ಕೆ ಹೊರಟೆವು.

ಉರ್ದು ಶಾಲೆಯ ನಿವೃತ್ತ ಮೇಷ್ಟ್ರು ಜಾಫರ್ ಸಾಹೇಬರ ಮನೆ ಅದು. ಮಗ ದುಬೈನಲ್ಲಿದ್ದ. ಹಿಂದಿನ ತಿಂಗಳು ರಜೆಗೆ ಬಂದಾಗ ಆ ಕಂಬಳಿಯನ್ನು ತಂದುಕೊಟ್ಟು ಹೋಗಿದ್ದ. ಸಾಹೇಬರು ಬೆಳಗಿನ ನಮಾಜು ಮುಗಿಸಿ, ಚಳಿಗೆ ಮತ್ತೆ ಮಲಗಿ ಒಂಬತ್ತು ಗಂಟೆಗೆ ಏಳುವುದು ರೂಢಿ. ಶುಕ್ರವಾರ ಎದ್ದಾಗ ಬಲ ಹಿಮ್ಮಡಿಯಲ್ಲೂ ಕಿರುಬೆರಳ ಬುಡದಲ್ಲೂ ದೊಡ್ಡ ಬೊಬ್ಬೆಗಳಿದ್ದವು. ಬ್ಯಾಂಡೇಜ್ ಸುತ್ತಿದ ಕಾಲನ್ನು ಮುಂದೆ ಚಾಚಿ ಅವರು ಕುರ್ಚಿಯಲ್ಲಿ ಕೂತಿದ್ದರು.

‘ಬಿಸಿ ತಡೆಯೋಕಾಗದಿದ್ದಾಗ ಯಾಕೆ ಎದ್ದೇಳಲಿಲ್ಲ ಸಾಹೇಬ್ರೆ?’ ಎಂದು ಕೇಳಿದೆ.

‘ಬಿಸೀನೇ ಆಗ್ಲಿಲ್ಲ ಸಾರ್. ಬಂದ ದಿನದಿಂದ ಆ ಕಂಬಳಿ ಸರಿಯಾಗಿ ಬಿಸಿ ಆಗೇ ಇಲ್ಲ. ಅದಕ್ಕೇ ಸೊಸೆಗೆ ಹೇಳಿ ಸ್ವಿಚ್ಚನ್ನ ಮೂರಕ್ಕೆ, ಅಂದ್ರೆ ಫುಲ್‌ಗೆ ಇಡಿಸಿದೆ.’

ನನ್ನ ಗೊಂದಲ ಶುರುವಾದದ್ದೇ ಅಲ್ಲಿ. ಬಿಸಿಯಾಗದ ಕಂಬಳಿ ಸುಡುವುದು ಹೇಗೆ? ಬಿಸಿಯಿಲ್ಲದೆ ಸುಟ್ಟಿದೆ ಅಂದರೆ ಶಾಕೇ ಇರಬೇಕು ಎಂದು ಮನೆಯವರು ತೀರ್ಮಾನಿಸಿದ್ದರು. ಮನೆಯವರು ಹೇಳಿದಂತೆ ಅರ್ಜಿ ಬರೆದುಕೊಟ್ಟಿದ್ದರೂ ಹಿರಿಯ ಮಗಳು ಸಕೀನಾ ಅವರದು ಬೇರೆ ಮಾತು. ‘ಶಾಕೂ ಇಲ್ಲ ಏನೂ ಇಲ್ಲ. ಜೈನಬ್ ಫುಲ್ ಇಟ್ಟು ಅಡುಗೆಮನೆ ಸೇರಿದ್ಲು, ಆಫ್ ಮಾಡೋದು ಮರೆತಳು. ನಿಮ್ಮ ರಿಪೋರ್ಟ್ ಬರಲಿ, ಆಮೇಲೆ ಅವಳನ್ನ ಚಿಂತಾಮಣಿಗೆ ಅವರಪ್ಪನ ಮನೆಗೆ ಕಳಿಸ್ತೀವಿ.’ ಸೊಸೆ ಜೈನಬ್ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಾತಾಡಲಿಲ್ಲ.

ಕಂಬಳಿಯನ್ನು ಹಾಸಿ ನೋಡಿದೆ. ಅದು ಹೊದೆಯುವುದಲ್ಲ, ಬೆಡ್‌ಶೀಟಿನ ಕೆಳಗೆ ಹಾಸುವುದು. ಬಟ್ಟೆಯ ಎರಡು ಪದರಗಳ ನಡುವೆ ತೆಳುವಾದ ತಂತಿ ಹಾವಿನಂತೆ ಅತ್ತಿತ್ತ ಹರಿದಿತ್ತು. ಕರೆಂಟ್ ಸಾಗುವಾಗ ಆ ತಂತಿ ತಡೆಯೊಡ್ಡುತ್ತದೆ, ಆ ತಡೆಯಲ್ಲಿ ವಿದ್ಯುತ್ತೆಲ್ಲ ಶಾಖವಾಗಿ ಮಾರ್ಪಡುತ್ತದೆ. ಇಸ್ತ್ರಿಪೆಟ್ಟಿಗೆಯದೂ ಇದೇ ತತ್ವ. ಆದರೆ ಇಸ್ತ್ರಿಪೆಟ್ಟಿಗೆ 750 ವ್ಯಾಟ್, ಇದು ಮೂರನೇ ಅಂಕದಲ್ಲೂ ಬರೀ ನೂರು ವ್ಯಾಟ್. ಒಂದು ಬಲ್ಬಿನಷ್ಟು ಶಾಖ ಹಾಸಿಗೆಯುದ್ದ ಹರಡಿಕೊಳ್ಳುತ್ತದೆ.

ಮನೆಯ ವೋಲ್ಟೇಜ್ ಅಳೆದೆ, 226. ಅರ್ಥಿಂಗ್ ಸರಿಯಿತ್ತು. ತಂತಿಯ ತಡೆ ಸುಮಾರು 530 ಓಮ್, ಇರಬೇಕಾದಷ್ಟೇ. ಹೊರಗೆ ಕರೆಂಟ್ ಸೋರುತ್ತಿದೆಯೇ ಎಂದು ಮೆಗ್ಗರ್ ಎಂಬ ಉಪಕರಣ ಹಚ್ಚಿದೆ, ಒಂದಿಷ್ಟೂ ಸೋರಿಕೆಯಿಲ್ಲ. ಕೊನೆಗೆ ಮೂರಕ್ಕೆ ಇಟ್ಟು ನಾನೇ ಅರ್ಧ ಗಂಟೆ ಮಲಗಿದೆ. ಹಿತವಾಗಿ ಬೆಚ್ಚಗಿತ್ತು, ಅಷ್ಟೇ. ‘ನಾಳೆ ಬರ್ತೀನಿ’ ಎಂದು ಹೇಳಿ ಎದ್ದೆ. ಕಂಬಳಿಯಲ್ಲಿ ದೋಷವಿಲ್ಲ ಎಂದು ಬರೆದರೆ ತಪ್ಪು ಆ ಹುಡುಗಿಯ ತಲೆಗೆ. ದೋಷವಿದೆ ಎಂದು ಬರೆಯಲು ಒಂದು ಅಂಕಿಯೂ ನನ್ನ ಕೈಯಲ್ಲಿರಲಿಲ್ಲ.

ಮರುದಿನ ಹೋದಾಗಲೂ ಏನು ಹುಡುಕಬೇಕೆಂದೇ ತಿಳಿದಿರಲಿಲ್ಲ. ಸಾಹೇಬರು ‘ಬನ್ನಿ, ಮೀಟರ್ ಬೋರ್ಡ್ ಇನ್ನೊಂದ್ಸಲ ನೋಡಿಬಿಡಿ’ ಎಂದು ಕೋಲೂರಿಕೊಂಡು ಮುಂದೆ ನಡೆದರು. ಬ್ಯಾಂಡೇಜ್ ಇಲ್ಲದ ಎಡಗಾಲಿಗೆ ಹವಾಯಿ ಚಪ್ಪಲಿ ಹಾಕಿದ್ದರು. ಹೊಸ್ತಿಲು ದಾಟುವಾಗ ಆ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವರು ಅದೇ ನಡಿಗೆಯಲ್ಲಿ, ಜಲ್ಲಿ ಹರಡಿದ್ದ ಅಂಗಳದ ಮೇಲೆ ಹೋಗುತ್ತಲೇ ಇದ್ದರು.

‘ಸಾಹೇಬ್ರೆ, ಚಪ್ಪಲಿ.’

‘ಹಾಕ್ಕೊಂಡಿದ್ದೀನಲ್ಲ’ ಎಂದರು. ಆಮೇಲೆ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡು ಅಲ್ಲೇ ನಿಂತರು.

ಅವರ ಮುಖದಲ್ಲಿದ್ದ ಗೊಂದಲ ನನ್ನದಕ್ಕಿಂತ ದೊಡ್ಡದಾಗಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಒಂದೆರಡು ವರ್ಷದಿಂದ ಪಾದ ಜೋಮು ಹಿಡಿದ ಹಾಗೆ, ಸದಾ ತಣ್ಣಗಿದ್ದ ಹಾಗೆ ಅನ್ನಿಸುತ್ತಿತ್ತಂತೆ. ವಯಸ್ಸಾಯ್ತಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

‘ಕಾಲು ತಣ್ಣಗಿದ್ರೆ ಏನು ಮಾಡ್ತಿದ್ರಿ?’

‘ಕಂಬಳೀನ ಕಾಲ ಹತ್ರ ಎರಡು ಮಡಿಕೆ ಮಾಡಿ, ಮೇಲೆ ರಜಾಯಿ ಒತ್ತಿಕೊಳ್ತಿದ್ದೆ.’

ಪಕ್ಕದ ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಸಾಕಣೆ ಕೋಣೆಯ ಥರ್ಮಾಮೀಟರನ್ನು ನಾರಾಯಣಪ್ಪ ಕೇಳಿ ತಂದರು. ಕಂಬಳಿಯನ್ನು ಹರಡಿ ಬೆಡ್‌ಶೀಟ್ ಮುಚ್ಚಿದಾಗ ಅದು 37 ಡಿಗ್ರಿ ತೋರಿಸಿತು. ಸಾಹೇಬರು ಹೇಳಿದಂತೆ ಮಡಿಸಿ, ರಜಾಯಿ ಹೇರಿ ಒಂದು ಗಂಟೆ ಕಾದೆವು. ಪಾದರಸ ಐವತ್ತು ದಾಟಿ ಗುರುತುಗಳ ಕೊನೆಗೆ ಬಂದು ನಿಂತಿತ್ತು. ತಂತಿ ಕೊಟ್ಟದ್ದು ಅದೇ ನೂರು ವ್ಯಾಟ್. ಹೊರಗೆ ಹೋಗಲು ದಾರಿಯಿಲ್ಲದೆ ಶಾಖ ಮಡಿಕೆಯಲ್ಲೇ ಸೇರುತ್ತ ಹೋಗಿತ್ತು. ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಎಂಬ ಗುಂಡಿಗಳು ಎರಡಿದ್ದವು. ಬಟ್ಟೆಯನ್ನು ತಡಕಿ ನೋಡಿದರೆ ಎರಡೂ ತಲೆಯ ಕಡೆಗಿದ್ದವು. ಕಾಲ ಬಳಿ ಏನಾಗುತ್ತಿದೆ ಎಂಬುದು ಅವಕ್ಕೂ ತಿಳಿಯಲಿಲ್ಲ, ಸಾಹೇಬರಿಗೂ ತಿಳಿಯಲಿಲ್ಲ.

ಅದೇ ದಿನ ಮಧ್ಯಾಹ್ನ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಗೌರಿಬಿದನೂರಿನ ವೈದ್ಯೆಯೊಬ್ಬರ ಹತ್ತಿರ ಹೋದೆ. ಆಕೆ ಅವರ ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ಮುಟ್ಟಿಸಿದರು, ಸೂಜಿ ಚುಚ್ಚಿದರು. ‘ಶುರು ಮಾಡಿ ಡಾಕ್ಟ್ರೇ’ ಎಂದರು ಸಾಹೇಬರು. ಆಗಲೇ ಆರು ಕಡೆ ಚುಚ್ಚಿಯಾಗಿತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಎಂದು, ಅದೇ ಪಾದದ ನರಗಳನ್ನು ಮಂಕಾಗಿಸಿದೆ ಎಂದು ಗೊತ್ತಾಯಿತು. ಎರಡು ತಿಂಗಳ ಚಿಕಿತ್ಸೆಯಲ್ಲಿ ಕಿರುಬೆರಳನ್ನು ತೆಗೆಯಬೇಕಾಯಿತು, ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಅದೂ ಕಷ್ಟವಿತ್ತು ಎಂದರು ವೈದ್ಯೆ.

ರಿಪೋರ್ಟ್ ಕೊಡಲು ಹೋದ ದಿನ ಅದನ್ನು ಸಕೀನಾ ಅವರ ಎದುರಿಗೇ ಓದಿ ಹೇಳಿದೆ. ಕಾರಣ ಮಡಿಕೆಯಲ್ಲಿ ಸೇರಿದ ಶಾಖ ಮತ್ತು ಬಿಸಿ ತಿಳಿಯದ ಪಾದ, ಸೊಸೆಯ ಮರೆವಲ್ಲ. ಕಂಬಳಿಯನ್ನು ಮಡಿಸಬಾರದು, ಮೇಲೆ ಭಾರ ಹೇರಬಾರದು, ಮಲಗುವ ಮುಂಚೆ ಹಾಸಿಗೆ ಬೆಚ್ಚಗೆ ಮಾಡಿಕೊಂಡು ಆಫ್ ಮಾಡಬೇಕು, ಒದ್ದೆಯಾಗಿದ್ದರೆ ಪ್ಲಗ್ ಹಾಕಲೇಬಾರದು, ಸ್ಪರ್ಶ ತಿಳಿಯದವರು ಅದನ್ನು ಬಳಸಲೇಬಾರದು. ಸಕೀನಾ ಕೇಳಿ ಒಳಗೆ ಹೋದರು. ಚಿಂತಾಮಣಿಯ ಮಾತು ಆಮೇಲೆ ಬರಲಿಲ್ಲವಂತೆ.

ಜೈನಬ್ ಮೊದಲ ಸಲ ನನ್ನೊಡನೆ ಮಾತಾಡಿದ್ದು ಅಂದೇ. ‘ಅವತ್ತು ಚಹಾ ಕೊಡೋಕೆ ಹೋದಾಗ ಕೈಯಿಟ್ಟು ನೋಡಿದ್ದೆ ಅಣ್ಣ. ಕೈ ಸುಡ್ತಿತ್ತು. ಕಮ್ಮಿ ಮಾಡ್ಲಾ ಅಂದೆ. ಬಿಸೀನೇ ಇಲ್ಲ ಬಿಡಮ್ಮ ಅಂದ್ರು ಮಾವ. ಮಲಗಿರೋರು ಅವರು, ಅವರಿಗೆ ಗೊತ್ತಿರಲ್ವಾ? ನನ್ನ ಕೈಯೇ ಸರಿ ಇಲ್ಲ ಅನ್ಕೊಂಡೆ.’

ಎರಡು ದಿನ ನಾನು ಗೋಡೆ, ತಂತಿ, ಮೀಟರು ಎಲ್ಲವನ್ನೂ ವಿಚಾರಿಸಿದ್ದೆ. ಆ ಕಂಬಳಿಯನ್ನು ದಿನವೂ ಹಾಸಿ ತೆಗೆಯುತ್ತಿದ್ದವಳನ್ನು ಒಂದು ಮಾತೂ ಕೇಳಿರಲಿಲ್ಲ. ‘ನಿನ್ನ ಕೈ ಸರಿಯಾಗೇ ಹೇಳಿತ್ತಮ್ಮ’ ಎಂದೆ.

ಮುಂದಿನ ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಎಷ್ಟೋ ಅಪಘಾತಗಳ ತನಿಖೆ ಮಾಡಿದೆ. ಮೀಟರನ್ನು ಪೆಟ್ಟಿಗೆಯಿಂದ ತೆಗೆಯುವ ಮುಂಚೆ ಮನೆಯಲ್ಲಿ ಮಾತಾಡದೆ ನಿಂತವರು ಯಾರು ಎಂದು ನೋಡಿ, ಮೊದಲು ಅವರ ಹತ್ತಿರ ಹೋಗುವುದನ್ನು ರೂಢಿ ಮಾಡಿಕೊಂಡೆ.