ಆಳುಗಳ ಮೆಟ್ಟಿಲ ಬಾಗಿಲ ಹಿಂದೆ

ತಂಗಿ ಮೂರು ಸಲ ಕರೆದಳು. ಮೂರು ಸಲವೂ ನನಗೆ ಕೇಳಿಸಿತು. ನಾನು ಹೋಗಲಿಲ್ಲ. ನಾನು ಓದಿದ್ದು ಐದನೆಯ ಇಯತ್ತೆಯವರೆಗೆ, ಹಾಗಾಗಿ ಬರೆಯುವುದು ನಿಧಾನ. ಆದರೆ ಇಷ್ಟು ವರ್ಷ ಇದನ್ನು ಬರೆಯದೆ ಉಳಿದದ್ದಕ್ಕೆ ಕಾರಣ ಅದಲ್ಲ.

ಕಂಪ್ಯೂಟರ್ ಕಲಿತವರಿಗೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ತಂಗಿ ಐದು ವರ್ಷದ ಕಾರ್ಡ್ ಪಡೆದು, ಗಂಡನ ಜೊತೆ ವಾಲ್‌ಡಾರ್ಫ್ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದಳು. ಹೆರಿಗೆಯೂ ಅಲ್ಲೇ ಆಯಿತು. ಅವ್ವ ತೀರಿಕೊಂಡಾಗ ಅವಳಿಗೆ ಎರಡು ವರ್ಷ, ನನಗೆ ಹನ್ನೊಂದು. ಶಾಲೆ ಬಿಟ್ಟು ಅವಳನ್ನು ಎತ್ತಿ ಆಡಿಸಿದವಳು ನಾನೇ ಆದ್ದರಿಂದ ಬಾಣಂತನಕ್ಕೂ ನಾನೇ ಹೋದೆ, ಮೂರು ತಿಂಗಳ ವೀಸಾದ ಮೇಲೆ. ಪೆಟ್ಟಿಗೆಯಲ್ಲಿ ಅಂಟಿನುಂಡೆಯ ಡಬ್ಬಿಯ ಕೆಳಗೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡುಗಳಿದ್ದವು. ಅವನ್ನು ಜೋಡಿಸಿ ಕೂಸಿಗೆ ಹೊದೆಯಲು ಕೌದಿ ಹೊಲಿಯಬೇಕಿತ್ತು.

ಕಿಟಕಿಯ ಬಳಿ ಕೂತು ಹೊಲಿಯುವುದನ್ನು ಎದುರು ಮನೆಯ ಅಜ್ಜಿ ದಿನಾ ನೋಡುತ್ತಿದ್ದಳು. ಒಂದು ದಿನ ಕೇಕ್ ಹಿಡಿದು ಒಳಗೇ ಬಂದಳು. ಊರಿನ ಮ್ಯೂಸಿಯಂನಲ್ಲಿ ಭಾನುವಾರ ಟಿಕೆಟ್ ಕೊಡುವವಳು ಅವಳು. ಹಿಂದೆ ಸಿಗಾರು ಕಾರ್ಖಾನೆಯ ಮಾಲೀಕನದಾಗಿದ್ದ ದೊಡ್ಡ ಬಂಗಲೆ ಅದು. ಅವರ ವಂಶ ಮುಗಿದ ಮೇಲೆ ಊರಿನವರು ಆ ಸೀಮೆಯ ಹಳೆಯ ಸಾಮಾನೆಲ್ಲ ತಂದು ಅದರಲ್ಲಿ ಜೋಡಿಸಿಟ್ಟಿದ್ದರು. ಅಜ್ಜಿ ನಮ್ಮನ್ನು ಕರೆದೊಯ್ದು ತೋರಿಸಿದಳು. ತೊಟ್ಟಿಲು, ಬಟ್ಟೆ ಉಜ್ಜುವ ಹಲಗೆ, ಬೆಣ್ಣೆ ಕಡೆಯುವ ಮರದ ಕೊಡ. ಎಲ್ಲದರ ಪಕ್ಕಕ್ಕೂ ಒಂದು ಚೀಟಿ.

"ಮಜ್ಜಿಗಿ ಕಡಿಯೂದು ನೋಡಾಕೂ ಟಿಕೆಟ್ ಇಟ್ಟಾರಲ್ಲ ಇವರು" ಅಂದೆ.

"ನಿನ್ನ ಅಡಿಗಿ ಮನೀಗೆ ಟಿಕೆಟ್ ಇಟ್ಟರ, ಅಕ್ಕಾ, ಇವರೆಲ್ಲಾ ಪಾಳಿ ಹಚ್ಚಿ ನಿಲ್ತಾರ ನೋಡು" ಅಂತ ತಂಗಿ ನಕ್ಕಳು.

ಅಡುಗೆಮನೆಯಿಂದ ಮೇಲಿನ ದೊಡ್ಡ ಕೋಣೆಗೆ ಗೋಡೆಯೊಳಗೇ ಒಂದು ಇಕ್ಕಟ್ಟಾದ ಮೆಟ್ಟಿಲಿತ್ತು. ಆಳುಗಳು ಊಟದ ತಟ್ಟೆ ಹಿಡಿದು ಯಾರ ಕಣ್ಣಿಗೂ ಬೀಳದ ಹಾಗೆ ಹತ್ತಿಳಿಯಲು ಮಾಡಿದ್ದಂತೆ.

ಹೊರಗಿನಿಂದ ಬಂದು ನೆಲೆಸಿದವರ ಕೈಕೆಲಸ ತೋರಿಸುವ ಒಂದು ಮಧ್ಯಾಹ್ನವನ್ನು ಆ ದೊಡ್ಡ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಅಜ್ಜಿ ನನ್ನ ಕೌದಿ ಕೇಳಿದಳು. ನಮ್ಮ ಕಡೆ ಕೌದಿ ಹೊಲಿಯಲು ಹಿಡಿದವಳೇ ಅದರ ಕೊನೆಯ ಮೂಲೆ ಮುಚ್ಚಬೇಕು, ಬೇರೆಯವರು ಸೂಜಿ ಹಾಕಬಾರದು. ಜನರೆದುರು ಕೂತು ನಾನು ಆ ಮೂಲೆ ಹೊಲಿಯುವುದು, ತಂಗಿ ಪಕ್ಕದಲ್ಲಿ ನಿಂತು ಎರಡು ಮಾತು ಹೇಳುವುದು ಎಂದಾಯಿತು. ನಾನು ಹೂಂ ಅಂದೆ.

ತಂಗಿಯ ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ಜರ್ಮನ್ ಅವಳಿಗೆ ಅಂಗಡಿಗೆ ಸಾಲುವಷ್ಟು ಮಾತ್ರ ಬರುತ್ತಿತ್ತು. ಹೇಳಬೇಕಾದ್ದನ್ನು ಯಾರಿಂದಲೋ ಜರ್ಮನ್‌ನಲ್ಲಿ ಬರೆಸಿ, ಕೂಸಿಗೆ ಹಾಲು ಕುಡಿಸುತ್ತ ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಏನು ಹೇಳುತ್ತೀ ಎಂದು ಕೇಳಿದ್ದಕ್ಕೆ, "ನೀ ಸಾಲಿ ಬಿಟ್ಟದ್ದು ಹೇಳ್ತೀನಿ" ಅಂದಳು. ಇಷ್ಟು ದೂರ ಕರೆಸಿ, ಓದದವಳು ನೋಡಿ ಎಂದು ನನ್ನನ್ನೂ ಚೀಟಿ ಹಚ್ಚಿ ಕೂರಿಸುತ್ತಾಳೆ ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ.

ಆ ಭಾನುವಾರ ಕೋಣೆ ತುಂಬ ಬಿಳಿ ಕೂದಲಿನ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದೆ ನನಗೊಂದು ಕುರ್ಚಿ, ಅದರ ಮೇಲೆ ಕೌದಿ. ನೀರು ಕುಡಿದು ಬರುತ್ತೇನೆಂದು ಹೇಳಿ ಆಳುಗಳ ಮೆಟ್ಟಿಲಿಗೆ ಇಳಿದು ಬಾಗಿಲು ಎಳೆದುಕೊಂಡೆ. ತೆಳುವಾದ ಹಲಗೆಯ ಬಾಗಿಲು. ಅಕ್ಕಾ ಎಂದು ಅವಳು ಮೊದಲು ಮೆಲ್ಲಗೆ ಕರೆದಳು. ಎರಡನೆಯ ಸಲ ದನಿ ಸ್ವಲ್ಪ ಏರಿತು. ಮೂರನೆಯ ಸಲ ಚಿಕ್ಕಂದಿನಲ್ಲಿ ಸಂತೆಯಲ್ಲಿ ನನ್ನ ಕೈ ತಪ್ಪಿದಾಗ ಕೂಗಿದ ಹಾಗೇ ಕೂಗಿದಳು. ನಾನು ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತೆ. ಆಮೇಲೆ ಅವಳು ಜರ್ಮನ್‌ನಲ್ಲಿ ಮಾತಾಡಿದಳು. ಕೊನೆಗೆ ಜನ ನಕ್ಕರು. ನನ್ನನ್ನೇ ನೋಡಿ ನಗುತ್ತಿದ್ದಾರೆ, ಬರದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ತೋಟದಲ್ಲಿ ತಲೆಸುತ್ತು ಬಂದು ಕೂತಿದ್ದೆ, ಕರೆದದ್ದು ಕೇಳಿಸಲಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ನಂಬಿದಳು. ಮನೆಗೆ ಬಂದದ್ದೇ ನಿಂಬೆ ಪಾನಕ ಮಾಡಿ ಕೊಟ್ಟು, ಹಸಿ ಬಾಣಂತಿ ತಾನು, ನನ್ನ ಕಾಲು ಒತ್ತಿದಳು. ನಾನು ಒತ್ತಿಸಿಕೊಂಡೆ.

ಹೊರಡುವ ಎರಡು ದಿನ ಮೊದಲು ಅವಳ ಗಂಡ ಅವಳು ಬಾಯಿಪಾಠ ಮಾಡಿದ್ದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ. ತಂಗಿಯ ಮಾತು ಹೀಗಿತ್ತು: ಅಕ್ಕ ಐದನೆಯ ಇಯತ್ತೆಗೆ ಶಾಲೆ ಬಿಟ್ಟಳು. ಆದರೆ ತಾನು ಕಲಿತಷ್ಟನ್ನೂ ಒಲೆಯ ಮುಂದೆ ಬೂದಿಯಲ್ಲಿ ಬೆರಳು ಹಿಡಿದು ನನಗೆ ತಿದ್ದಿಸಿದಳು. ನಾನು ಶಾಲೆಗೆ ಹೋಗುವ ಮೊದಲೇ ಓದುತ್ತಿದ್ದೆ. ಕೊನೆಯ ಸಾಲು: "ನನ್ನ ಮೊದಲ ಟೀಚರ್ ಈಗ ನಿಮ್ಮೆದುರು ಈ ಕುರ್ಚಿಯಲ್ಲಿ ಕೂತಿದ್ದಾರೆ." ಬಾಯಿಪಾಠ ಮಾಡಿದ್ದನ್ನು ಬದಲಿಸಿ ಹೇಳುವಷ್ಟು ಜರ್ಮನ್ ಅವಳಿಗೆ ಬರುತ್ತಿರಲಿಲ್ಲ. ಖಾಲಿ ಕುರ್ಚಿ ತೋರಿಸಿ ಅದನ್ನೇ ಹೇಳಿದ್ದಳು. ಜನ ತಮಾಷೆ ಅಂದುಕೊಂಡಿದ್ದರು.

ಆಗಲೂ ನಾನು ನಿಜ ಹೇಳಲಿಲ್ಲ. ಊರಿಗೆ ಬಂದ ಮೇಲೆ ಪ್ರತಿ ಭಾನುವಾರ ಅವಳ ಫೋನ್ ಬರುತ್ತಿತ್ತು. ಕೂಸಿನ ಹಲ್ಲು, ಚಳಿ, ನನ್ನ ಮೊಣಕಾಲು, ಎಲ್ಲ ಮಾತಾಡುತ್ತಿದ್ದೆವು. ನಿನಗೆ ಆವತ್ತಿನ ಹಾಗೆ ತಲೆಸುತ್ತು ಬರುತ್ತದೇನು ಎಂದು ಅವಳು ಪ್ರತಿಸಲ ಕೇಳುತ್ತಿದ್ದಳು. ಅದನ್ನು ಕೇಳಲಾರದೆ ಕೆಲವು ಭಾನುವಾರ ನಾನು ಫೋನ್ ಎತ್ತಲೇ ಇಲ್ಲ.

ಕಾರ್ಡಿನ ಐದು ವರ್ಷ ಮುಗಿಯುತ್ತ ಬಂದಾಗ ಸಾಮಾನು ಕಟ್ಟಲು ನನ್ನನ್ನು ಮತ್ತೆ ಕರೆಸಿದಳು. ಮ್ಯೂಸಿಯಂಗೆ ಕರೆದುಕೊಂಡು ಹೋಗು ಅಂದೆ. ಅಲ್ಲೇನಿದೆ ಬಿಡು ಅಂದರೂ ಕರೆದೊಯ್ದಳು. ದೊಡ್ಡ ಕೋಣೆಯಲ್ಲಿ ಈಗ ಗೋಡೆ ಗಡಿಯಾರಗಳಿದ್ದವು. ನಮ್ಮನ್ನು ಬಿಟ್ಟರೆ ಗಂಡ ಹೆಂಡತಿ ಇಬ್ಬರು ಮುದುಕರು ಇದ್ದರಷ್ಟೆ. ಇನ್ನು ಕಾಯ್ದರೆ ಹೇಳದೆಯೇ ಹೊರಬಾಗಿಲು ದಾಟಿಬಿಡುತ್ತೇನೆ ಅನ್ನಿಸಿತು. ಅಲ್ಲೇ ಅವಳ ಕೈ ಹಿಡಿದು ನಿಲ್ಲಿಸಿದೆ. ಮುದುಕರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ನನ್ನ ದನಿ ಬಂತು.

"ನನಗ ತಲಿ ತಿರುಗಿರಲಿಲ್ಲವ್ವಾ. ಆ ಬಾಗಿಲ ಹಿಂದ ನಿಂತಿದ್ದೆ. ನೀ ಮೂರು ಸಲ ಕರದಿ, ಮೂರೂ ಕೇಳಿಸ್ತು. ನಿನ್ನ ಮ್ಯಾಲ ಸಂಶಾ ಪಟ್ಟು ಬರಲಿಲ್ಲ, ಅದರ ಮ್ಯಾಲ ಸುಳ್ಳೂ ಹೇಳಿದೆ. ನನ್ನ ತಪ್ಪಾತು, ತಂಗಿ."