ಸಾರಿನಪುಡಿ ಅಕ್ಕನ ಕಂಪ್ಯೂಟರ್

ಮೊನ್ನೆ ಅಡುಗೆಮನೆಯ ಮೇಲಿನ ಗೂಡು ಒರೆಸುವಾಗ ಲೇಬಲ್ ಇನ್ನೂ ಅಂಟಿಕೊಂಡಿದ್ದ ಒಂದು ಖಾಲಿ ಬಾಟಲಿ ಸಿಕ್ಕಿತು. ಮುಚ್ಚಳ ತಿರುಗಿಸಿದರೆ ಹುರಿದ ಕೊತ್ತಂಬರಿ ಬೀಜ, ಇಂಗಿನ ಸಣ್ಣ ವಾಸನೆ... ಚಾಮರಾಜಪೇಟೆಯ ನಮ್ಮ ಎದುರುಮನೆ ಅಕ್ಕ ಕಣ್ಣಮುಂದೆ ಬಂದು ನಿಂತರು.

ಅಕ್ಕ ಸಾರಿನಪುಡಿ ಮಾಡಿ ಮಾರುತ್ತಿದ್ದರು. ಬಾಟಲಿಗೆ ಅಂಟಿಸುವ ಲೇಬಲ್ಲನ್ನು ಮನೆಯ ಹಳೇ ಕಂಪ್ಯೂಟರಿನಲ್ಲಿ ತಾವೇ ಕನ್ನಡದಲ್ಲಿ ಟೈಪು ಮಾಡಿ ಪ್ರಿಂಟ್ ತೆಗೆಯುತ್ತಿದ್ದರು. ಒಂದು ವರ್ಷ ದಸರಾ ಆರ್ಡರುಗಳು ರಾಶಿ ಬಿದ್ದಿರುವಾಗಲೇ ಆ ಕಂಪ್ಯೂಟರ್ ಮೊಂಡು ಹಿಡಿಯಿತು. ಲೇಬಲ್ ಇಲ್ಲದೆ ಬಾಟಲಿ ಹೊರಗೆ ಕಳಿಸುವವರಲ್ಲ ಅಕ್ಕ. ರಿಪೇರಿಯವನು ಗುಜರಿಗೆ ಹಾಕಿಬಿಡಿ ಎಂದನಂತೆ.

ಆಗ ಇಡೀ ರಸ್ತೆಗೆ ಕಂಪ್ಯೂಟರ್ ಪಂಡಿತ ಎಂದರೆ ನಾನೇ. ಈಗಲೂ ನಾನೇ, ಬಿಡಿ. ವಿಂಡೋಸ್ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಇದೇ ಡಬ್ಬ ಕುದುರೆಯಂತೆ ಓಡುತ್ತದೆ ಎಂದೆ. ಅಕ್ಕ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಹೊಸದು ಕಲಿಯುವುದಿಲ್ಲ, ಹಳೇದನ್ನೇ ಸರಿಮಾಡು, ಆಗದಿದ್ದರೆ ಪುಡಿ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಎಂದುಬಿಟ್ಟರು. ಅವರ ಪುಡಿಯಿಲ್ಲದ ಸಾರನ್ನು ನೆನೆದು ನಾನು ಗುಟ್ಟಾಗಿ ಕೆಲಸಕ್ಕಿಳಿದೆ.

ಲಿನಕ್ಸ್‌ನಲ್ಲಿ ಹತ್ತಾರು ತರಹ. ಹೊಸಬರಿಗೆ ಯಾವುದು ಒಗ್ಗುತ್ತದೆಂದು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಅಕ್ಕ ಮೆಣಸಿನಕಾಯಿ ಪುಡಿಮಾಡಿಸಲು ಮಿಲ್ಲಿಗೆ ಹೋದಾಗಲೆಲ್ಲ ನನ್ನ ವರಪರೀಕ್ಷೆ ನಡೆಯಿತು. ಒಂದು ಬಲು ಚೆಂದ, ಆದರೆ ಹಳೇ ಡಬ್ಬ ಏದುಸಿರು ಬಿಟ್ಟಿತು. ಇನ್ನೊಂದು ಹಗುರ, ಆದರೆ ಪ್ರಿಂಟರಿನ ಗುರುತೇ ಹತ್ತಲಿಲ್ಲ. ಮೂರನೆಯದು ಮಾತ್ರ... ಕೆಳಗೆ ಎಡಗಡೆ ಮೆನು, ಕನ್ನಡ ಟೈಪಿಂಗ್, ಪ್ರಿಂಟರ್, ಎಲ್ಲ ಅಕ್ಕನಿಗೆ ಅಭ್ಯಾಸವಿದ್ದಂತೆಯೇ. ಅದನ್ನೇ ಹಾಕಿದೆ. ಅವರ ಗಣಪತಿ ಚಿತ್ರವನ್ನು ಪರದೆಗೆ ತಂದೆ, ಲೇಬಲ್ಲಿನ ಫೈಲನ್ನು ಹಳೇ ಮೂಲೆಯಲ್ಲೇ ಕೂರಿಸಿದೆ. ಹಳೇದೇ, ಧೂಳು ಒರೆಸಿದೆ ಅಷ್ಟೇ ಎಂದು ಗಂಭೀರ ಮುಖ ಮಾಡಿಕೊಂಡು ಅಕ್ಕನಿಗೆ ಹೇಳಿದೆ.

ಲೇಬಲ್ಲುಗಳು ಬಂದವು, ಬಾಟಲಿಗಳು ಹೋದವು. ನನ್ನ ಮೀಸೆ ಎರಡಿಂಚು ಮೇಲೇರಿತು.

ಹಬ್ಬ ಮುಗಿದ ಮೇಲೆ ಅಕ್ಕ ಊಟಕ್ಕೆ ಕರೆದರು. ಎದುರಿಗೇ ಲೇಬಲ್ ಅಂಟಿಸಿದ ಬಾಟಲಿ. ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಇದರ ಮುಂದೆ ಅಂಗಡಿ ಪುಡಿ ಬರೀ ಹೊಟ್ಟು ಎಂದು ಹೊಗಳಿದೆ. ನಾನು ಮಜ್ಜಿಗೆ ಮುಗಿಸಿದ ಮೇಲೆ ಅಕ್ಕ ಬಾಯಿಬಿಟ್ಟರು.

“ಅದು ಅಂಗಡಿ ಪುಡೀನೇ ಕಣೋ ಕಪಿ. ಲೇಬಲ್ ಮಾತ್ರ ನಂದು.”

ನಾನು ಪೆಚ್ಚಾದೆ.

“ನೀನ್ ಮಾತ್ರ ಹಳೇದೇ ಅಂತ ಹೇಳ್ಬೋದಾ? ಆ ಹಳೇ ಕಂಪ್ಯೂಟರ್ ಏಳೋಷ್ಟರಲ್ಲಿ ನನ್ನ ಒಗ್ಗರಣೆ ಮುಗೀತಿತ್ತು. ಈಗ ಸಾಸಿವೆ ಸಿಡಿಯೋಕ್ ಮುಂಚೆ ಎದ್ದು ಕೂತಿರತ್ತೆ. ನಂಗೆ ಗೊತ್ತಾಗಲ್ವೇನೋ?”

“ಮತ್ತೆ ಯಾಕಕ್ಕಾ ಬೈಲಿಲ್ಲ?”

“ಚೆನ್ನಾಗ್ ಓಡ್ತಿದೆಯಲ್ಲ, ಇರ್ಲಿ ಬಿಡು.”

ಕೀಟಲೆಯಲ್ಲಿ ನನ್ನನ್ನು ಮಣ್ಣುಮುಕ್ಕಿಸಿದವರು ಅವರೊಬ್ಬರೇ.

ಅಕ್ಕ ತೀರಿಹೋಗಿ ವರ್ಷಗಳಾದವು... ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮೊನ್ನೆ ಆ ಬಾಟಲಿಯನ್ನು ತೊಳೆಯದೆ, ಅಂಗಡಿಯಿಂದ ತಂದ ಪುಡಿಯನ್ನು ಅದರಲ್ಲೇ ತುಂಬಿ ಸಾರು ಮಾಡಿದೆ. ಲೇಬಲ್ಲನ್ನೇ ನೋಡುತ್ತಾ ಕಲಸಿಕೊಂಡು ಉಂಡೆ. ಎಷ್ಟು ಮನಸ್ಸು ಮಾಡಿದರೂ ಈ ಸಲ ಮೋಸಹೋಗಲು ಆಗಲಿಲ್ಲ.