ಕಾಕಿಯ ಮೂರು ಟಾಕೀಸುಗಳು

ಕಾಲಿನಿಂದ ತೊಟ್ಟಿಲು ತೂಗುತ್ತ, ಕೈಯಲ್ಲಿ ಜೋಳ ಹಸನು ಮಾಡುತ್ತ, ಕಣ್ಣನ್ನು ಮಾತ್ರ ಬಾಗಿಲಾಚೆಯ ಬೀದಿಗೆ ಬಿಟ್ಟು ಕೂತ ಹೆಂಗಸನ್ನು ನೀವೂ ಎಲ್ಲಾದರೂ ಕಂಡಿರುತ್ತೀರಿ. ಅಂಥವರನ್ನು ಕಂಡು ಕಂಡೇ ಆಳಂದದ ನಮ್ಮ ಮಹಾದೇವಿ ಕಾಕಿ ಸಿನಿಮಾ ವ್ಯಾಪಾರ ಕಲಿತಳು.

ಎಪ್ಪತ್ತರ ದಶಕದಲ್ಲಿ ಅವಳ ಗಂಡ, ನನ್ನ ಚನ್ನಬಸಪ್ಪ ಕಾಕಾ, ಹತ್ತಿ ತುಂಬಲೆಂದು ಕಟ್ಟಿಸಿದ ಗೋದಾಮಿಗೆ ಬಿಳಿ ಪರದೆ ಹಚ್ಚಿ ಟಾಕೀಸು ಮಾಡಿದ. ಗಂಡಸರು ಬಂದರು, ಶಿಳ್ಳೆ ಹೊಡೆದರು, ಹೋದರು. ಹೆಂಗಸರ ಬದಿಯ ಬೆಂಚುಗಳು ಮಾತ್ರ ಬರಿದಾಗಿಯೇ ಉಳಿದವು. ಬಂದ ಒಬ್ಬಿಬ್ಬರೂ ಮಡಿಲ ಕೂಸು ಅತ್ತೊಡನೆ ಸುತ್ತಲಿನವರ ಗೊಣಗಾಟಕ್ಕೆ ನಾಚಿ ಎದ್ದುಬಿಡುವರು. ಕಾಕಾ ಪೌರಾಣಿಕ ತರಿಸಿದ, ಸಾಮಾಜಿಕ ತರಿಸಿದ, ಬೆಂಚು ತುಂಬಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ ಬಡಿಸುತ್ತ ಕಾಕಿ ಹೇಳಿದಳು:

"ಸಿನಿಮಾ ಬದಲ್ ಮಾಡಬ್ಯಾಡ್ರಿ. ಹಿಂದಿನ ತೊಲಿಗಿ ಕೊಂಡಿ ಹೊಡಸ್ರಿ. ಸೀರಿ ಕಟ್ಟಿ ಕೂಸು ಮಲಗಸ್ಲಿ, ನಾ ಬಂದು ತೂಗ್ತೇನಿ."

"ಟಾಕೀಸಿನ್ಯಾಗ ತೊಟ್ಟಲಾ? ಮಂದಿ ನಗತಾರ."

"ನಗಲ್ರಿ. ನಗಾಕರೆ ಬರತಾರಲ್ಲ."

ಮಂದಿ ನಕ್ಕದ್ದೂ ಹೌದು, ಬಂದದ್ದೂ ಹೌದು. ಸುತ್ತಲಿನ ಮಟಕಿ, ಖಜೂರಿ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಹೆಂಗಸರು ಬಂದರು. ಅವರ ಹಿಂದೆ ಅತ್ತೆಯರು, ನಾದಿನಿಯರು, ಕೊನೆಗೆ ತಾವಾಗಿಯೇ ಗಂಡಂದಿರು. ಪರದೆಯ ಮೇಲೆ ರಾಜರು ಕಾದಾಡುತ್ತಿದ್ದರೆ ಹಿಂದೆ ಬಣ್ಣಬಣ್ಣದ ಸೀರೆಗಳ ಜೋಳಿಗೆಯಲ್ಲಿ ಆಳಂದದ ಮುಂದಿನ ತಲೆಮಾರು ನಿದ್ದೆ ಮಾಡುತ್ತಿತ್ತು. ಸಿನಿಮಾ ಎಂಬುದು ಬೆಳಕಿನಿಂದ ಆದದ್ದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಅದು ಕೂಸುಗಳ ನಿದ್ದೆಯಿಂದಲೂ ಆಯಿತೆಂದು ನಾನು ವಿನಯದಿಂದ ಸೇರಿಸುತ್ತೇನೆ.

ಅದೇ ಗೆಲುವಿನಲ್ಲಿ ಅಫಜಲಪುರದಲ್ಲಿ ಎರಡನೆಯ ಟಾಕೀಸು ಎದ್ದಿತು. ಅಲ್ಲಿ ತೊಟ್ಟಿಲು ತೂಗಲು ಬಂದ ಖಾಜಾಬಿ, ದಖನಿ ಉರ್ದುವಿನಲ್ಲಿ ಹಾಡುತ್ತ ಯಾವ ಮನೆಯ ಕೂಸನ್ನಾದರೂ ಕ್ಷಣದಲ್ಲಿ ಮಲಗಿಸಿಬಿಡುತ್ತಿದ್ದಳು. ಮನೆಯಲ್ಲಿ ಬರೀ ಕನ್ನಡ ಕೇಳಿದ ಕೂಸುಗಳೂ ಆ ಹಾಡಿಗೆ ಒಗ್ಗಿಕೊಂಡು, ಅದಿಲ್ಲದೆ ಕಣ್ಣು ಮುಚ್ಚಲಾರೆವೆಂದು ಹಟ ಹಿಡಿದವಂತೆ. ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ಮೂರನೆಯದನ್ನು ಕಟ್ಟುವಾಗ ಕೊಂಡಿ ಎಷ್ಟು ಎತ್ತರವಿರಬೇಕೆಂದು ಗೌಂಡಿ ಕೇಳಿದ. ಕಾಕಿ ಗೋಡೆಗೆ ಬೆನ್ನು ಹಚ್ಚಿ ನಿಂತು ಕೈಯೆತ್ತಿ ತೋರಿಸಿದಳು.

ಆಮೇಲೆ ಮನೆಮನೆಗೆ ಟಿವಿ ಬಂತು. ತೊಂಬತ್ತರ ಹೊತ್ತಿಗೆ ಮೂರೂರಿನ ಬೆಂಚುಗಳೂ ಮತ್ತೆ ಬರಿದಾದವು. ಮೂರನ್ನೂ ಒಟ್ಟಿಗೆ ಕೊಳ್ಳುತ್ತೇನೆಂದು ಕಲಬುರ್ಗಿಯ ವ್ಯಾಪಾರಿಯೊಬ್ಬ ಮನೆಗೆ ಎಡತಾಕಿದ. ಕಾಕಾ ಪ್ರತಿಸಲವೂ ಚಹಾ ಕುಡಿಸಿ, ಮಾತು ಬದಲಿಸಿ, ಸಾಗಹಾಕಿದ. ಹೀಗಿರುವಾಗ ಕಾಕಿ ಬಳಗದವರನ್ನು ಕಾಣಲು ಜೇವರ್ಗಿಗೆ ಹೋದಳು. ಅಲ್ಲಿ ಓಣಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಕಲೆತು, ತೊಡೆಯ ಮೇಲೆ ಮಕ್ಕಳನ್ನು ಹಾಕಿಕೊಂಡು, ಕಾಲು ಚಾಚಿ ಟಿವಿ ನೋಡುತ್ತ ನಗುತ್ತಿದ್ದರು. ಕಾಕಿಯೂ ಅವರೊಡನೆ ಕೂತು ನಕ್ಕು ಬಂದಳು. ಬಂದವಳೇ, "ಮಾರ್ರಿ" ಎಂದಳು.

ಕಾಕಾನ ಮುಖ ಸಣ್ಣದಾಯಿತು. "ನಿನಗ ಕೆಟ್ಟ ಅನಸೂದಿಲ್ಲೇನು?"

"ಯಾಕ ಅನಸಬೇಕ್ರಿ? ಅವರು ನೋಡೂದು ಬಿಟ್ಟಿಲ್ಲ, ಆರಾಮ ಕುಂತು ನೋಡಾಕತ್ತಾರ. ಅವರಿಗೆ ಬೇಕಾದಾಗ ನಾವು ಇದ್ದಿವಿ. ಅಷ್ಟ ಸಾಕು."

ಕಾಕಾ ಆ ಸಂಜೆ ಉಣ್ಣಲಿಲ್ಲ. ಮರುದಿನ ವ್ಯಾಪಾರಿಗೆ ತಾನೇ ಹೇಳಿಕಳಿಸಿದ.

ಮಾರಾಟ ಮುಗಿದ ವಾರದಲ್ಲೇ ಕಾಕಿ ನಮ್ಮನ್ನೆಲ್ಲ ಕಲಬುರ್ಗಿಗೆ ಹೊರಡಿಸಿ, ಮಧ್ಯಾಹ್ನದ ಆಟಕ್ಕೆ ಕರೆದೊಯ್ದಳು. ಟಿಕೀಟಿನ ಸಾಲಿನಲ್ಲಿ ನಿಲ್ಲಲು ಕಾಕಾನಿಗೆ ನಾಚಿಕೆ. ಒಳಗೆ ದೀಪ ಆರಿದ್ದೇ, ಚಿತ್ರ ಮಸುಕಾಗಿದೆಯೆಂದು ಚಡಪಡಿಸಿ ಎದ್ದ. ಕಾಕಿ ಧೋತರದ ಚುಂಗು ಹಿಡಿದು ಜಗ್ಗಿದಳು. "ಕುಂದರ್ರಿ. ಇದು ನಿಮ್ದಲ್ಲ."

ಕೂತ. ತುಸು ಹೊತ್ತಿಗೆ ಯಾವುದೋ ಪೆದ್ದು ಪ್ರಸಂಗಕ್ಕೆ ಪಕ್ಕದಲ್ಲೇ ದೊಡ್ಡ ನಗೆಯೊಂದು ಸಿಡಿಯಿತು. ನಕ್ಕವನು ಕಾಕಾ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಇಷ್ಟು ವರ್ಷ ಅವನು ಪರದೆಗೆ ಬೆನ್ನು ಕೊಟ್ಟು ಬರೀ ಬೆಂಚುಗಳನ್ನೇ ನೋಡಿದ್ದ. ಮಧ್ಯಂತರದಲ್ಲಿ ಶೇಂಗಾ ಸುಲಿಯುತ್ತ, ದನಿ ತಗ್ಗಿಸಿ ಕಾಕಿಯನ್ನು ಕೇಳಿದ:

"ಮುಂದ ಏನಾಗತದ?"

"ನನಗೇನ್ ಗೊತ್ರಿ," ಎಂದಳು ಕಾಕಿ, "ಕುಂತು ನೋಡೂಣು."